ಗದ್ದುಗೆಯ ಹುಲ್ಲಿಗೊಂದು ಹಗುರ ಯಂತ್ರ

ಮೊದಲು ಹಟ ಹಿಡಿದದ್ದು ಎಡಗೈ.

ಇಷ್ಟಲಿಂಗವನ್ನು ಎಡ ಅಂಗೈಯ ಮೇಲಿಟ್ಟು ಪೂಜಿಸುವುದು ನಮ್ಮ ಮನೆತನದ ಪದ್ಧತಿ. ಸೂರ್ಯ ಮೂಡುವ ಮೊದಲು ಸ್ನಾನ, ವಿಭೂತಿ, ಪೂಜೆ. ಉಳಿದ ಲೋಕವೆಲ್ಲ ಆಮೇಲೆ. ದಾವಣಗೆರೆಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿಯಾಗಿದ್ದಷ್ಟು ಕಾಲವೂ, ನಿವೃತ್ತಿಯಾದ ಮೇಲೂ, ಈ ಕ್ರಮ ತಪ್ಪಿರಲಿಲ್ಲ. ಆ ಬೆಳಿಗ್ಗೆ ಅಂಗೈ ಅರಳಲೇ ಇಲ್ಲ. ಏನನ್ನೋ ಬಚ್ಚಿಟ್ಟುಕೊಂಡ ಮಗುವಿನ ಮುಷ್ಟಿಯ ಹಾಗೆ ಬೆರಳುಗಳು ಒಳಕ್ಕೆ ಬಾಗಿದ್ದವು. ಬಲಗೈಯಿಂದ ಬಿಡಿಸಲು ಹೋದೆ. ಅದೂ ಎಡಗೈಯ ಪಕ್ಷ ಸೇರಿತ್ತು.

ಇನ್ನೂ ಕನಸಿನಲ್ಲಿದ್ದೇನೆ ಎಂದುಕೊಂಡೆ. ಆ ದಿನಗಳಲ್ಲಿ ನನಗೆ ಒಂದೇ ಬಗೆಯ ಕನಸು ಬೀಳುತ್ತಿತ್ತು. ಹರಿಹರದ ಹೊಳೆದಂಡೆಯಲ್ಲಿ ಮೊಣಕೈವರೆಗೆ ಕೈಗಳನ್ನು ಮರಳಿನಲ್ಲಿ ಹೂತು ಕೂತಿದ್ದೇನೆ. ಮರಳು ಬೆಚ್ಚಗಿದೆ. ಯಾರೋ ಕರೆಯುತ್ತಾರೆ, ಏಳಬೇಕು, ಆದರೆ ಕೈಗಳಿಗೆ ಬರುವ ಮನಸ್ಸಿಲ್ಲ. ಎಚ್ಚರವಾದ ಮೇಲೂ ಆ ಮರಳಿನ ಭಾರ ಬೆರಳಲ್ಲೇ ಇರುತ್ತಿತ್ತು. ಕೊನೆಗೆ ಗಿರಿಜಾ ಬಂದು, ಲಿಂಗವನ್ನು ನನ್ನ ಬಾಗಿದ ಬೆರಳುಗಳ ನಡುವೆ ನಿಲ್ಲಿಸಿ, ಅದು ಜಾರದ ಹಾಗೆ ತನ್ನ ಅಂಗೈಯನ್ನು ಕೆಳಗೆ ಒಡ್ಡಿದಳು. ಅವಳು ನನ್ನ ಮೈದುನ ಈಶ್ವರಪ್ಪನ ಹೆಂಡತಿ. ನಿಜಲಿಂಗಪ್ಪ ಬಡಾವಣೆಯ ಮನೆಯಲ್ಲಿ ಅವರು ಮೇಲೆ, ನಾನು ಕೆಳಗೆ, ಅಡುಗೆ ಒಂದೇ. ನಮಗೆ ಮಕ್ಕಳಿಲ್ಲ. ನಮ್ಮವರು ತೀರಿಕೊಂಡ ಮೇಲೆ ಈ ಇಬ್ಬರೇ ನನ್ನ ಸಂಸಾರ.

“ವಾಯು ಅತ್ತಿಗೆ, ಬರೇ ವಾಯು. ಬೆಳ್ಳುಳ್ಳಿ ಸುಟ್ಟು ತಿನ್ರಿ” ಎಂದ ಈಶ್ವರಪ್ಪ.

ಬೆಳ್ಳುಳ್ಳಿ ತಿಂದೆ. ಎಣ್ಣೆ ಹಚ್ಚಿಸಿಕೊಂಡೆ. ಕೈಗೆ ಕವಾಯತು ಕೊಟ್ಟೆ. ಮಡಚು, ಬಿಡಿಸು, ಮಡಚು, ಬಿಡಿಸು. ಶಾಲೆಯಲ್ಲಿ ಎಂಥ ಮೊಂಡು ಹುಡುಗಿಯರನ್ನೂ ಸಾಲಿಗೆ ತಂದವಳು ನಾನು. ಕೈ ಸಾಲಿಗೆ ಬರಲಿಲ್ಲ. ಬಾಗಿಲ ಚಿಲಕ, ರವಿಕೆಯ ಹುಕ್ಕು, ನೀರಿನ ತಂಬಿಗೆ ಒಂದೊಂದಾಗಿ ನನ್ನಿಂದ ದೂರ ಸರಿದವು. ಆಸ್ಪತ್ರೆಗೆ ಹೋದದ್ದು ಅದಾದ ಮೇಲೆ.

ಕೀಲುನೋವಿನವರ ಕಾಯುವ ಕೋಣೆ ಬೇರೆ ಕೋಣೆಗಳ ಹಾಗಲ್ಲ. ಅಲ್ಲಿ ಯಾರೂ ಥಟ್ಟನೆ ಏಳುವುದಿಲ್ಲ. ಹೆಸರು ಕೂಗಿದಾಗ ಕುರ್ಚಿಯ ಕೈಯನ್ನು ಹಿಡಿಯುತ್ತಾರೆ, ಮನಸ್ಸಿನಲ್ಲೇ ಒಮ್ಮೆ ಏಳುತ್ತಾರೆ, ಆಮೇಲೆ ನಿಜವಾಗಿ ಏಳುತ್ತಾರೆ. ಫ್ಯಾನಿನ ಕೆಳಗೆ ಎಲ್ಲರೂ ನೀರಿನೊಳಗೆ ನಡೆಯುವವರಂತೆ ಕಾಣುತ್ತಿದ್ದರು. ನನಗೆ ಭಯವಾಯಿತು. ನೋವಿನ ಭಯವಲ್ಲ. ಈ ನಿಧಾನದ ಊರಿಗೆ ನನ್ನನ್ನೂ ಸೇರಿಸಿಕೊಂಡುಬಿಡುತ್ತಾರೆ ಎಂಬ ಭಯ.

ಪಕ್ಕದಲ್ಲಿ ಕೂತಿದ್ದ ಆನೆಕೊಂಡದ ಹೆಂಗಸು ನನ್ನ ಕಡೆ ವಾಲಿದಳು. “ಯಾವ ಕೀಲ್ರಿ ನಿಮ್ದು?”

“ಕೈ.”

“ನಂದು ಮಂಡಿ. ಕೂತ್ರೆ ಏಳಾಕೆ ಬಿಡಲ್ಲ, ಎದ್ರೆ ಕೂಡಾಕೆ ಬಿಡಲ್ಲ. ನಮ್ಮತ್ತಿ ಹೋದ್ಲು ಅನ್ಕಂಡಿದ್ದೆ, ಮಂಡಿಯಾಗೆ ಬಂದು ಕೂತಾಳೆ.”

ಬಾಯಾರಿಕೆಯಾಗಿತ್ತು. ಅವಳ ಚೀಲದಲ್ಲಿ ನೀರಿನ ಬಾಟಲಿ ಇತ್ತು, ಆದರೆ ಮುಚ್ಚಳ ತಿರುಗಿಸುವ ಕಸುವು ಅವಳಿಗೂ ಇಲ್ಲ, ನನಗೂ ಇಲ್ಲ. ಅವಳು ಬಾಟಲಿಯನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದಳು. ನಾನು ಮುಚ್ಚಳಕ್ಕೆ ಸೆರಗು ಸುತ್ತಿ ಮಣಿಕಟ್ಟಿನಿಂದ ತಿರುಗಿಸಿದೆ. ಅದು ಕಿರ್ರೆಂದು ಬಿಟ್ಟುಕೊಂಡಾಗ ಇಬ್ಬರೂ ಎಷ್ಟು ನಕ್ಕೆವೆಂದರೆ ನರ್ಸು ಹೊರಗೆ ಬಂದು ನೋಡಿದಳು. ನಾಲ್ಕು ಕೈಗಳಿಂದ ತೆರೆದ ಆ ನೀರಿನಷ್ಟು ತಂಪಾದ ನೀರನ್ನು ನಾನು ಕುಡಿದಿಲ್ಲ.

ಒಳಗೆ ಡಾಕ್ಟರಮ್ಮ ನನ್ನ ಬೆರಳ ಗಿಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. “ಬೆಳಿಗ್ಗೆ ಎದ್ದಾಗ ಬಿಗಿ ಇರುತ್ತಾ? ಎಷ್ಟು ಹೊತ್ತು?”

“ನಾನು ಅದಕ್ಕೆಲ್ಲ ಸಮಯ ಕೊಡಲ್ಲರಿ. ಕೆಲಸ ಶುರು ಮಾಡಿಬಿಡ್ತೀನಿ.”

“ನೀವು ಕೊಡೋದಲ್ಲ ಮೇಡಂ, ಅದೇ ತಗೊಳ್ಳುತ್ತೆ” ಎಂದು ನಕ್ಕರು. ರಕ್ತಪರೀಕ್ಷೆ ಬಂದ ಮೇಲೆ ಹೆಸರು ಹೇಳಿದರು: ರುಮಟಾಯ್ಡ್ ಸಂಧಿವಾತ. ಎಂದಿಗೆ ವಾಸಿಯಾಗುತ್ತದೆ ಎಂದು ಕೇಳಿದೆ. “ಹತೋಟಿಯಲ್ಲಿ ಇಡಬಹುದು. ಜೊತೆಗೆ ಇಟ್ಟುಕೊಂಡು ಬಾಳಬೇಕು” ಎಂದರು. ಗಿರಿಜಾ ಅಲ್ಲೇ ಅತ್ತಳು. ಈಶ್ವರಪ್ಪ ಔಷಧದ ಅಂಗಡಿಯ ಮುಂದೆ ನಿಂತು, “ಇಂಗ್ಲಿಷ್ ಹೆಸರು ಐತೆ ಅಂದ್ರೆ ಬೆಳ್ಳುಳ್ಳಿಗೆ ಬಗ್ಗಂಗಿಲ್ಲ ಬಿಡ್ರಿ” ಎಂದ. ಅದು ಅವನ ಅಳು.

ಔಷಧ ಹಿಡಿಯಲು ತಿಂಗಳುಗಳೇ ಬೇಕಾದವು. ವಾರಕ್ಕೊಮ್ಮೆ ನುಂಗುವ ಒಂದು ಮಾತ್ರೆ. ಅದರ ಮಾರನೆಯ ದಿನ ಹೊಟ್ಟೆ ತೊಳಸಿ, ಬಾಯಿಗೆ ತಾಮ್ರದ ರುಚಿ ಬಂದು, ಮನೆಯ ಗೋಡೆಗಳು ಸ್ವಲ್ಪ ಹಿಂದಕ್ಕೆ ಸರಿದಂತೆ ಕಾಣುತ್ತಿದ್ದವು. ಆ ದಿನಗಳಲ್ಲಿ ನಾನು ಕಿಟಕಿಯ ಬಳಿ ಮಲಗಿ ಒಂದೇ ವಿಷಯ ಯೋಚಿಸುತ್ತಿದ್ದೆ: ಗುತ್ತೂರಿನ ಹುಲ್ಲು.

ಗುತ್ತೂರು ಹರಿಹರದ ಮಗ್ಗುಲಿನ ಹಳ್ಳಿ. ಅಲ್ಲಿ ನಮ್ಮದೊಂದು ಗದ್ದೆಯಿದೆ. ನಮ್ಮಲ್ಲಿ ತೀರಿಕೊಂಡವರನ್ನು ಸುಡುವುದಿಲ್ಲ. ಕುಳ್ಳಿರಿಸಿ ಸಮಾಧಿ ಮಾಡುತ್ತೇವೆ, ಬಹಳ ಮಂದಿ ಸ್ವಂತ ಹೊಲದಲ್ಲೇ. ನಮ್ಮವರ ಗದ್ದುಗೆ ಆ ಗದ್ದೆಯ ಅಂಚಿನಲ್ಲಿ, ಬೇವಿನ ಮರದ ಹತ್ತಿರ ಇದೆ. ಅವರು ಹರಿಹರದ ಕಾರ್ಖಾನೆಯೊಂದರಲ್ಲಿ ಇದ್ದವರು. ಪಾಳಿ ಮುಗಿಸಿ ಬಂದರೆ ಮೊದಲು ಕಾಲೊನಿಯ ಹುಲ್ಲಿನ ಮೇಲೆ ಬೆನ್ನು ಚೆಲ್ಲುತ್ತಿದ್ದರು, ಮನೆಗೆ ಆಮೇಲೆ. “ಹಗಲೆಲ್ಲ ಕಬ್ಬಿಣ ಮುಟ್ಟಿದ ಮೈಗೆ ಹುಲ್ಲು ಬೇಕು ಕಣೆ” ಎನ್ನುತ್ತಿದ್ದರು. ಅದಕ್ಕೇ ಗದ್ದುಗೆಯ ಸುತ್ತ ಕಲ್ಲು ಹಾಸಿಸಲಿಲ್ಲ, ಗರಿಕೆ ಬೆಳೆಸಿದೆ. ಭಾನುವಾರ ಬಂತೆಂದರೆ ಬೆಳಕು ಹರಿಯುವಾಗಲೇ ಅಲ್ಲಿರುತ್ತಿದ್ದೆ. ಪೆಟ್ರೋಲಿನ ಯಂತ್ರದ ಹಗ್ಗ ಜಗ್ಗಿ, ಮೈದಾನಕ್ಕೆ ಸುಣ್ಣದ ಗೆರೆ ಹಾಕುವಂತೆ ನೇರ ಸಾಲುಗಳಲ್ಲಿ ಕತ್ತರಿಸುತ್ತಿದ್ದೆ. ಅಲ್ಲಿ ನಾನು ಅಳಲಿಲ್ಲ, ಮಾತಾಡಲಿಲ್ಲ. ಹುಲ್ಲು ಕತ್ತರಿಸುವುದೇ ನಮ್ಮಿಬ್ಬರ ಸಂಸಾರದ ಉಳಿದ ಭಾಗವಾಗಿತ್ತು.

ಕೈ ಕೆಟ್ಟ ಮೇಲೆ ಆ ಹಗ್ಗ ಜಗ್ಗಲಾಗಲಿಲ್ಲ. ಹುಲ್ಲು ಮೊಣಕಾಲಿಗೆ ಬಂತು. ಗದ್ದೆ ನೋಡಲು ಹೋದ ಈಶ್ವರಪ್ಪ ಅಲ್ಲೊಂದು ಹಾವಿನ ಪೊರೆ ಕಂಡು ಬಂದ.

“ಹುಲ್ಲು ಕೆರೆಸಿ ಟೈಲ್ಸ್ ಹಾಕ್ಸಿಬಿಡಣ ಅತ್ತಿಗೆ. ವರ್ಷಕ್ಕೊಂದು ಸಲ ನೀರು ಸುರುವಿದ್ರೆ ಸ್ವಚ್ಛ.”

“ಬ್ಯಾಡ.”

“ಹಂಗಾದ್ರೆ ಆಳು ಇಡಣ.”

“ಲಿಂಗಪೂಜೆಗೂ ಆಳು ಇಡ್ತೀಯೇನಪ್ಪ?”

ಅವನು ಹಣೆ ಉಜ್ಜಿಕೊಂಡ. “ನೀವು ಅಲ್ಲಿ ಬಿದ್ದು ಕೈ ಮುರ್ಕಂಡ್ರೆ ಅಣ್ಣ ಯಾರ್ನ ಕೇಳ್ತಾನೆ? ನನ್ನ. ಒಂದು ಮಾತು ಹೇಳ್ತೀನಿ ಕೇಳ್ರಿ. ಸ್ಮರಣೆ ಹಿಂದಿನ ದಿನದೊಳಗೆ ನಿಮ್ಮ ಕೈಯಾರೆ ಕತ್ತರಿಸಿ ತೋರಿಸ್ರಿ, ಹುಲ್ಲೇ ಇರಲಿ. ಆಗ್ಲಿಲ್ಲ ಅಂದ್ರೆ ಮೇಸ್ತ್ರಿನ ಕರಿತೀನಿ. ಆಮ್ಯಾಲೆ ಮಾತಾಡಂಗಿಲ್ಲ.”

ನಮ್ಮವರ ವರ್ಷದ ಸ್ಮರಣೆಗೆ ಇನ್ನು ಹೆಚ್ಚು ದಿನಗಳಿರಲಿಲ್ಲ. ಆಗಲಿ ಎಂದೆ. ಹೇಳಿದ ಮಾತಿಗೆ ನಿಲ್ಲುವುದು ನಮ್ಮಿಬ್ಬರಿಗೂ ರೂಢಿ.

ಹರಿಹರದ ಕೃಷಿ ಯಂತ್ರಗಳ ಅಂಗಡಿಗೆ ಮೂವರೂ ಹೋದೆವು. ಈಶ್ವರಪ್ಪನಿಗೆ ದಾವಣಗೆರೆಯಲ್ಲಿ ಕಬ್ಬಿಣದ ಸಾಮಾನಿನ ವ್ಯಾಪಾರ. ಅವನ ತಂದೆಯ ಕಾಲದಿಂದಲೂ ಅಲ್ಲಿ ಒಂದೇ ಪರೀಕ್ಷೆ: ಸಾಮಾನನ್ನು ಕೈಯಲ್ಲೆತ್ತಿ ನೋಡುವುದು. ತೂಕವಿದ್ದರೆ ಬಾಳಿಕೆ, ಹಗುರವಿದ್ದರೆ ಮೋಸ. ಬಾಣಲೆಯಿಂದ ಬಾಗಿಲವರೆಗೆ ನಮ್ಮ ಮನೆಯಲ್ಲಿ ಎಲ್ಲವೂ ಹೀಗೆ ತೂಗಿ ಬಂದದ್ದೇ. ಒಬ್ಬರೇ ಎತ್ತಲಾಗದ ಇಡ್ಲಿಪಾತ್ರೆ ನಮ್ಮಲ್ಲಿ ಈಗಲೂ ಇದೆ. ಹಗ್ಗ ಜಗ್ಗುವ ಹಳೆಯ ಯಂತ್ರವನ್ನು ತಂದುಕೊಟ್ಟವನೂ ಅವನೇ.

ಅಂಗಡಿಗೆ ಕಾಲಿಟ್ಟವನೇ ಒಂದು ದಪ್ಪನೆಯ ಯಂತ್ರದ ಮೇಲೆ ಕೈ ಬಡಿದ. “ಇದು ನೋಡ್ರಿ, ಮಜಬೂತ್ ಐತೆ.”

ಅಂಗಡಿಯ ಸಾಹೇಬರು ನನ್ನ ಕೈ ನೋಡಿದರು. ಏನೂ ಕೇಳದೆ ಸ್ಟೂಲು ಎಳೆದು, “ಕೂಡ್ರಿ ಅಮ್ಮಾ, ಮೊದ್ಲು ಕೂಡ್ರಿ. ಮಿಷಿನ್ನೇ ನಿಮ್ಮ ಹತ್ರ ಬರ್ತಾವೆ” ಎಂದರು.

ಯಂತ್ರಗಳು ಒಂದೊಂದಾಗಿ ನನ್ನ ಮುಂದೆ ಬಂದು ನಿಂತವು, ಪರೀಕ್ಷೆಯ ದಿನ ಮೈದಾನಕ್ಕೆ ಬರುವ ಹುಡುಗಿಯರ ಹಾಗೆ. ಮೋಟಾರೇ ಇಲ್ಲದ, ತಳ್ಳಿದರೆ ಬ್ಲೇಡು ಉರುಳುವ ಯಂತ್ರ ನೋಡಲು ಚೆಂದವಿತ್ತು. ನೆಲದ ಒಂದೊಂದು ಉಬ್ಬನ್ನೂ ಅದು ಮಣಿಕಟ್ಟಿಗೆ ವರದಿ ಮಾಡಿತು, ಬೇಡ. ಭುಜಕ್ಕೆ ನೇತುಹಾಕಿಕೊಳ್ಳುವುದು ನನ್ನ ಹಲ್ಲುಗಳನ್ನೇ ನಡುಗಿಸಿತು; ಅದೂ ಬೇಡ. ವೈರಿನ ಯಂತ್ರಕ್ಕೆ ಗದ್ದೆಯಲ್ಲಿ ಹೊತ್ತಿಗೆ ಸರಿಯಾಗಿ ಕರೆಂಟು ಇರುವುದಿಲ್ಲ. ಕೊನೆಗೆ ಬ್ಯಾಟರಿಯದೊಂದು ಬಂತು. ಮೈಯೆಲ್ಲ ಪ್ಲಾಸ್ಟಿಕ್ಕು. ಹಗ್ಗವಿಲ್ಲ, ಒಂದು ಗುಂಡಿ ಒತ್ತಿ, ಹಿಡಿಕೆಯ ಮೇಲಿನ ಅಡ್ಡ ಸರಳನ್ನು ಹಿಡಿಕೆಗೆ ಒತ್ತಿ ಹಿಡಿದರೆ ಬ್ಲೇಡು ತಿರುಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಹುಲ್ಲಿನ ಎತ್ತರಕ್ಕೆ ನಾಲ್ಕು ಗಾಲಿಯನ್ನೂ ಒಂದೇ ಸನ್ನೆಕೋಲಿನಿಂದ ಏರಿಸಿ ಇಳಿಸಬಹುದು. ಹಿಡಿಕೆ ನನ್ನ ಎತ್ತರಕ್ಕೆ ಬಂದು ನಿಂತಿತು, ಸೊಂಟ ಬಗ್ಗಬೇಕಿಲ್ಲ.

ಈಶ್ವರಪ್ಪ ಅದನ್ನು ಒಂದೇ ಕೈಯಲ್ಲಿ ಎತ್ತಿದ. ಅವನ ಮುಖ ಹುಳ್ಳಗಾಯಿತು. “ಏನ್ರಿ ಸಾಹೇಬ್ರೆ ಇದು, ಮಕ್ಕಳ ಆಟಿಗೆ ಇದ್ದಂಗೈತೆ!”

“ಅಣ್ಣಾ, ನೀವು ಹೊರಾಕೆ ತಗಂತೀರೋ, ಅಮ್ಮ ತಳ್ಳಾಕೆ ತಗಂತಾರೋ?” ಎಂದರು ಸಾಹೇಬರು.

ನಾನೂ ಎತ್ತಿ ನೋಡಿದೆ. ಎದ್ದಿತು. ಸರಳನ್ನು ಬೆರಳುಗಳಿಂದ ಹಿಡಿಯದೆ ಅಂಗೈಯ ಬುಡದಿಂದ ಒತ್ತಿದೆ, ಒತ್ತಿಸಿಕೊಂಡಿತು. ಅಂಗಡಿಯ ಮುಂದಿನ ಬಿಸಿಲಿನಲ್ಲಿ ಅದನ್ನು ಹೋಗಿ ಬಾ, ತಿರುಗು, ನಿಲ್ಲು ಎಂದು ಆಡಿಸಿದೆ. ತೀರ್ಮಾನವಾಯಿತು. ಮನೆಯಲ್ಲಿ ಗಿರಿಜಾ ಹಿಡಿಕೆಗೆ ಹಳೇ ಸೀರೆಯ ಪಟ್ಟಿ ಸುತ್ತಿ ದಪ್ಪ ಮಾಡಿಕೊಟ್ಟಳು. ತೆಳ್ಳನೆಯ ಹಿಡಿಕೆಗಿಂತ ದಪ್ಪ ಹಿಡಿಕೆ ನೋವಿನ ಬೆರಳಿಗೆ ಸುಲಭ. ಕತ್ತರಿಸಿದ ಹುಲ್ಲು ತುಂಬುವ ಡಬ್ಬವನ್ನು ಜೋಡಿಸಲೇ ಇಲ್ಲ. ತುಂಬಿದ ಮೇಲೆ ಅದನ್ನು ಎತ್ತುವವರು ಯಾರು? ಹುಲ್ಲು ಬಿದ್ದಲ್ಲೇ ಗೊಬ್ಬರವಾಗಲಿ.

ಸ್ಮರಣೆಯ ಹಿಂದಿನ ದಿನ ಬೆಳಕು ಹರಿಯುವ ಮೊದಲೇ ಇಬ್ಬರನ್ನೂ ಹೊರಡಿಸಿದೆ. ಗಿರಿಜಾ ಕಾರಿನಲ್ಲಿ ಕಣ್ಣು ಮುಚ್ಚಿಕೊಂಡೇ ಕೂತಿದ್ದಳು. ಹೊಳೆಯ ಕಡೆಯಿಂದ ಮಂಜು ಬಂದು ಗದ್ದೆಯ ಮೇಲೆ ಹಾಲಿನ ಕೆನೆಯಂತೆ ನಿಂತಿತ್ತು. ಬೇವಿನ ಮರಕ್ಕೆ ಕಾಂಡವಿರಲಿಲ್ಲ, ಬರೀ ತಲೆ. ಗದ್ದುಗೆ ಎಲ್ಲೋ ತೇಲುತ್ತಿತ್ತು.

ಯಂತ್ರವನ್ನು ಹುಲ್ಲಿನ ಅಂಚಿಗೆ ನಿಲ್ಲಿಸಿದೆ. ಗುಂಡಿ ಒತ್ತಲು ಹೆಬ್ಬೆರಳು ಒಪ್ಪಲಿಲ್ಲ. ಮೊಣಕೈಯಿಂದ ಒತ್ತಿದೆ. ಸರಳನ್ನು ಹಿಡಿದೆ, ಅಂಗೈ ಬಿಗಿದುಕೊಂಡು ಅದನ್ನು ಬಿಟ್ಟುಕೊಟ್ಟಿತು. ಯಂತ್ರ ನಿಂತಿತು. ಮತ್ತೆ ಒತ್ತಿದೆ, ಮತ್ತೆ ನಿಂತಿತು. ಹೇಗೋ ಮೈಭಾರವನ್ನೆಲ್ಲ ಹಾಕಿ ಒಂದಿಷ್ಟು ದೂರ ತಳ್ಳಿದರೆ, ಇಬ್ಬನಿಗೆ ತೊಯ್ದ ಹುಲ್ಲು ಬ್ಲೇಡಿಗೆ ಮುದ್ದೆಯಾಗಿ ಅಂಟಿ, ಅದು ಗೊರಗುಟ್ಟಿ ಸುಮ್ಮನಾಯಿತು. ಅಂಗಡಿಯಲ್ಲಿ ಹೇಳಿದ್ದೆಲ್ಲ ಕೇಳಿದ ಯಂತ್ರ ಇದೇನಾ? ಕೇಳಿದ ಕೈ ಇದೇನಾ?

ಗದ್ದುಗೆಯ ಕಟ್ಟೆಗೆ ಬೆನ್ನು ಕೊಟ್ಟು ಕೂತುಬಿಟ್ಟೆ. ಮಂಜಿನೊಳಗೆ ನನ್ನ ಕೈಗಳೇ ನನಗೆ ಸರಿಯಾಗಿ ಕಾಣುತ್ತಿರಲಿಲ್ಲ. ಇಷ್ಟೇ, ಮುಗಿಯಿತು ಎಂದುಕೊಂಡೆ. ಟೈಲ್ಸಿನ ಬಿಲ್ಲೆಗಳು ಒಂದರ ಪಕ್ಕ ಒಂದು ಬಂದು ಕೂರುವುದು, ಅವುಗಳ ಕೆಳಗೆ ಗರಿಕೆ ಬೆಳ್ಳಗಾಗುವುದು ಕಣ್ಣಿಗೆ ಕಟ್ಟಿತು.

ಈಶ್ವರಪ್ಪ ಹತ್ತಿರ ಬಂದ. ಯಂತ್ರವನ್ನು ಮಗುಚಿ ಹುಲ್ಲು ಕಿತ್ತ. ಬಹಳ ಮೆಲ್ಲಗೆ, “ಮೇಸ್ತ್ರಿನ ಸಂಜಿಗೆ ಕರ್ಕಂಡು ಬರ್ತೀನಿ ಅತ್ತಿಗೆ. ಅಳತೆ ತಗಂಡು ಹೋಗ್ಲಿ. ಸ್ಮರಣೆ ಆದ ಮ್ಯಾಲೆ ಕೆಲ್ಸ” ಎಂದ. ನಾನು ತಲೆಯಾಡಿಸಿದೆ. ಅವನು ಕಾರು ತೆಗೆದುಕೊಂಡು ದಾವಣಗೆರೆಗೆ ಹೋದ. ಗದ್ದುಗೆ ತೊಳೆದು ಸಿಂಗರಿಸುವ ಕೆಲಸವಿತ್ತು. ಗಿರಿಜಾ, ನಾನು ಉಳಿದೆವು.

ಅವಳು ತೊಳೆದಳು. ನಾನು ನೋಡಿದೆ. ಮಂಜು ಯಾವಾಗಲೋ ಎದ್ದುಹೋಯಿತು. ಬೇವಿನ ಕೆಳಗೆ ಬುತ್ತಿ ಬಿಚ್ಚಿದೆವು: ಜೋಳದ ರೊಟ್ಟಿ, ಎಣ್ಣೆಗಾಯಿ, ಮೊಸರು. ಉಂಡು ಗಿರಿಜಾ ಮಲಗಿದಳು. ಹಗಲು ಮಲಗುವವರನ್ನು ಕಂಡರೆ ನನಗಾಗದು. ಆದರೂ ಕಣ್ಣು ಕೂಡಿತು. ನೆರಳು ಮೈಮೇಲೆ ಎಲೆಎಲೆಯಾಗಿ ಅಲುಗಾಡುತ್ತಿತ್ತು. ಎಲ್ಲೋ ದೂರದಲ್ಲಿ ಕಾರ್ಖಾನೆಯ ಸೈರನ್ನು ಕೂಗಿತು. ಪಾಳಿ ಬಿಟ್ಟಿತು, ಇನ್ನು ಬರುತ್ತಾರೆ ಎಂದು ಅರೆನಿದ್ದೆಯಲ್ಲಿ ನಾನು ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಮಾಡಿದೆ.

ಎಚ್ಚರವಾಗಿ ಎದ್ದು ಕೂತೆ. ಬುತ್ತಿಯಿಂದ ಮೋಸಂಬಿ ತೆಗೆದು ಸಿಪ್ಪೆ ಸುಲಿಯುತ್ತಿದ್ದರೆ ಗಿರಿಜಾ ನನ್ನನ್ನೇ ನೋಡುತ್ತಿದ್ದಳು.

“ಅಕ್ಕ, ಕೈ ನೋಡ್ಕಳ್ರಿ.”

ನೋಡಿಕೊಂಡೆ. ಹೆಬ್ಬೆರಳು ಸಿಪ್ಪೆಯೊಳಗೆ ಇಳಿದಿತ್ತು.

ಗಿರಿಜಾಗೆ ನಗು ತಡೆಯಲಾಗಲಿಲ್ಲ. “ನಿಮ್ಮ ಕೈನೂ ನನ್ನಂಗೆ ಆಗ್ಯಾವೆ ಬಿಡ್ರಿ! ಬೆಳಗ್ಗೆ ಎಬ್ಬಿಸಿದ್ರೆ ಏಳಲ್ಲ. ನೀವು ಸೀಟಿ ಊದಿದ್ರೂ ಏಳಲ್ಲ. ಉಂಡು ಮಲ್ಗಿ ಎದ್ದ ಮ್ಯಾಲೆ ನೋಡ್ರಿ, ಹೆಂಗೆ ಕೆಲ್ಸ ಮಾಡ್ತಾವೆ! ಇಪ್ಪತ್ತು ವರ್ಷದಿಂದ ನನ್ನ ಬೈದ್ರಲ್ಲ, ಈಗ ಆ ಕೈನ ಬೈರಿ ನೋಡಣ.”

ಅಂಗಡಿಗೆ ನಾವು ಹೋದದ್ದು ಬಿಸಿಲೇರಿದ ಮೇಲೆ. ಆರಿಸಿದ ಕೈ ಎಚ್ಚರವಾಗಿದ್ದ ಕೈ. ಇಲ್ಲಿಗೆ ತಂದದ್ದು ಮಲಗಿದ್ದ ಕೈ. ಯಂತ್ರದ ತೂಕ, ಹಿಡಿಕೆ, ಗಾಲಿ ಎಲ್ಲವನ್ನೂ ಪರೀಕ್ಷಿಸಿದವಳು ಹೊತ್ತನ್ನು ಮಾತ್ರ ಪರೀಕ್ಷಿಸಿರಲಿಲ್ಲ. ಬೆಳಗಿನ ಹೊತ್ತು ನನಗೆ ಆರಿಸಿಕೊಳ್ಳುವ ವಸ್ತುವೇ ಆಗಿರಲಿಲ್ಲ. ಅದು ಸೂರ್ಯನ ಹಾಗೆ ಇದ್ದೇ ಇರುವುದು ಎಂದು ತಿಳಿದಿದ್ದೆ.

ಎದ್ದೆ. ಹುಲ್ಲು ಒಣಗಿ ಗರಿಗರಿಯಾಗಿತ್ತು. ಗುಂಡಿ ಒತ್ತಿದೆ, ಅಂಗೈಯ ಬುಡದಿಂದ ಸರಳನ್ನು ಅದುಮಿದೆ. ಜೇನ್ನೊಣದಂಥ ಒಂದು ಗುಂಯ್ ಸದ್ದು. ಗಾಲಿಯನ್ನು ಮೇಲಿನ ಎತ್ತರಕ್ಕಿಟ್ಟು ಮೊದಲು ತುದಿ ತೆಗೆದೆ, ಆಮೇಲೆ ಇಳಿಸಿ ಎರಡನೆಯ ಸಲ ನಡೆದೆ. ಹುಲ್ಲಿನ ಹಸಿ ವಾಸನೆ ಎದ್ದಿತು. ಚಿಟ್ಟೆಗಳು ಯಂತ್ರದ ಮುಂದೆ ಮುಂದೆ ಏಳುತ್ತಿದ್ದವು. ನೋವು ಇತ್ತು, ಇರಲಿಲ್ಲ ಎಂದರೆ ಸುಳ್ಳು. ಆದರೆ ಅದು ನನ್ನ ಪಕ್ಕದಲ್ಲಿ ನಡೆಯುತ್ತಿತ್ತು, ನನ್ನ ಮುಂದೆ ಅಡ್ಡ ನಿಂತಿರಲಿಲ್ಲ. ಸಾಲುಗಳು ನೇರ ಬರಲಿಲ್ಲ. ಹೊಳೆಯ ಹಾಗೆ ಬಾಗಿ ಬಾಗಿ ಹೋದವು. ಗದ್ದುಗೆಯನ್ನು ಸುತ್ತುವಾಗ ಮಾತ್ರ ಸಾವಕಾಶವಾಗಿ ಸುತ್ತಿದೆ.

ಈ ಕಾಯಿಲೆಯವರಿಗೆ ಹೇಳಬೇಕಾದ್ದು ನನ್ನಲ್ಲಿ ಹೆಚ್ಚೇನಿಲ್ಲ. ಬೆಳಿಗ್ಗೆ ನಿಮ್ಮ ಕೈ ನಿಮಗೆ ಎದುರು ನಿಂತರೆ ನಿಮ್ಮ ಬಾಳೇ ಮುಗಿಯಿತೆಂದು ಆ ಹೊತ್ತಿನಲ್ಲೇ ತೀರ್ಪು ಕೊಟ್ಟುಕೊಳ್ಳಬೇಡಿ. ಮಧ್ಯಾಹ್ನದವರೆಗೆ ಕಾಯಿರಿ. ನಾನು ಪೂಜೆಯನ್ನೂ ಈಗ ಬಿಸಿಲು ಕೋಣೆಗೆ ಬಂದ ಮೇಲೆ ಮಾಡುತ್ತೇನೆ. ಒಪ್ಪಿಗೆಯಾಗುವುದೋ ಇಲ್ಲವೋ ಎಂದು ಮನೆಗೆ ಪೂಜೆಗೆ ಬರುವ ಅಯ್ಯನವರನ್ನು ಕೇಳಿದ್ದೆ. “ಶಿವ ಹೊತ್ತು ನೋಡ್ಕಂಡು ಕೂತಿರ್ತಾನೇನಮ್ಮ?” ಎಂದರು.

ಆ ದಿನ ಹುಲ್ಲಿನ ಒಂದು ಮೂಲೆ ಉಳಿದಿತ್ತು. ಬ್ಯಾಟರಿಯಲ್ಲಿ ಇನ್ನೂ ಕಸುವಿತ್ತು, ಕೈಯಲ್ಲಿರಲಿಲ್ಲ. ಮಣಿಕಟ್ಟು ಬಿಸಿಯಾಗಿ ಮಿಡಿಯುತ್ತಿತ್ತು. ಮೊದಲಿನ ನಾನಾಗಿದ್ದರೆ ಹಲ್ಲು ಕಚ್ಚಿ ಮುಗಿಸಿ, ಆಮೇಲೆ ವಾರವಿಡೀ ಅದಕ್ಕೆ ದಂಡ ತೆರುತ್ತಿದ್ದೆ. ಸರಳನ್ನು ಬಿಟ್ಟೆ. ಯಂತ್ರ ನಿಂತಿತು.

ಆಗಲೇ ಕಾರು ಬಂತು. ಈಶ್ವರಪ್ಪ, ಹಿಂದೆ ಟೇಪು ಹಿಡಿದ ಮೇಸ್ತ್ರಿ. ಗದ್ದೆಯ ಬದುವಿನ ಮೇಲೆ ಇಬ್ಬರೂ ನಿಂತರು. ಓರೆ ಬಿಸಿಲು ಕತ್ತರಿಸಿದ ಹುಲ್ಲಿನ ಮೇಲೆ ಮಲಗಿತ್ತು. ಗಿರಿಜಾ ಸೊಂಟದ ಮೇಲೆ ಕೈಯಿಟ್ಟುಕೊಂಡು, ಒಂದು ಮಾತು ಆಡಿ ನೋಡಿ ಎನ್ನುವಂತೆ ಗಂಡನನ್ನೇ ದಿಟ್ಟಿಸುತ್ತಿದ್ದಳು.

“ಯಜಮಾನ್ರೆ, ಅಳತೆ ತಗಳ್ಲೇನ್ರಿ?” ಎಂದ ಮೇಸ್ತ್ರಿ.

ಈಶ್ವರಪ್ಪ ಚಪ್ಪಲಿ ಬಿಟ್ಟು ಹುಲ್ಲಿನೊಳಕ್ಕೆ ಬಂದ. ಯಂತ್ರದ ಸುತ್ತ ಒಂದು ಸುತ್ತು ಬಂದ, ಆದರೆ ಎತ್ತಿ ನೋಡಲಿಲ್ಲ. ಉಳಿದ ಮೂಲೆಯ ಕಡೆ ಕೈ ತೋರಿಸಿದ.

“ಆ ಮೂಲಿ ಹಂಗೇ ಉಳಿತಲ್ಲ ಅತ್ತಿಗೆ.”

“ಅದು ನಾಡಿದ್ದು ಮಧ್ಯಾಹ್ನಕ್ಕೆ.”

“ನಾಳೆ ಜನ ಬರ್ತಾರೆ.”

“ಬರಲಿ. ನೋಡಿದ್ರೆ ನೋಡ್ಲಿ.”

ಅವನು ನನ್ನ ಮುಖ ನೋಡಿದ. ಕೆಲಸ ಅರ್ಧಕ್ಕೆ ಬಿಟ್ಟ ಅತ್ತಿಗೆಯನ್ನು ಅವನು ಕಂಡಿರಲಿಲ್ಲ. ಮಾತಿನ ಪ್ರಕಾರ ಗೆದ್ದವನು ಅವನೇ. ಅದು ಇಬ್ಬರಿಗೂ ಗೊತ್ತಿತ್ತು. ಮೇಸ್ತ್ರಿ ಬದುವಿನ ಮೇಲೆ ಕೂತು ಟೇಪಿನ ತುದಿ ಎಳೆಯತೊಡಗಿದ್ದ.

“ಅದನ್ನ ಒಳಗೆ ಇಟ್ಕಳೋ ಮಾರಾಯ” ಎಂದ ಈಶ್ವರಪ್ಪ. “ನಡಿ, ಹರಿಹರದಾಗೆ ಚಾ ಕುಡಿದು ಬರಣ.”